ಡಿಎಂ-ಡಿಲೇ ಹಾಕಿದರೂ ಡಿಸ್ಕ್ ನಿಧಾನ ಆಗ್ತಿಲ್ಲ ಅನ್ನೋ ಪ್ರಶ್ನೆಗೆ

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನಿಮ್ಮ ಪ್ರೋಗ್ರಾಂ ಎನ್‌ವಿಎಂಇ ಡಿಸ್ಕ್‌ನಲ್ಲಿ ಸಲೀಸಾಗಿ ಓಡುತ್ತದೆ, ಬೇರೆಯವರ ಹಳೇ ಹಾರ್ಡ್ ಡಿಸ್ಕ್ ಮತ್ತು ಎಸ್‌ಡಿ ಕಾರ್ಡ್‌ನಲ್ಲಿ ನಿಂತು ನಿಂತು ಹೋಗುತ್ತದೆ. ಅದನ್ನೇ ನಿಮ್ಮಲ್ಲಿ ಬರಿಸೋಣ ಅಂತ ಲಿನಕ್ಸ್‌ನ ಡಿಎಂ-ಡಿಲೇಗೆ (ಡಿಸ್ಕಿಗೆ ಹೋಗುವ ಓದು-ಬರಹವನ್ನು ಬೇಕೆಂದೇ ತಡ ಮಾಡಿ ಕಳಿಸುವ ಸೌಲಭ್ಯ) 100 ಮಿಲಿಸೆಕೆಂಡ್ ಕೊಟ್ಟಿರಿ. ಡಿಡಿ (ಡೇಟಾ ನಕಲು ಮಾಡುವ ಕಮಾಂಡ್) ಹಾಕಿ ಬರೆದು ನೋಡಿದರೆ ವೇಗ ಮೊದಲಿನಷ್ಟೇ ಇದೆ.

ಡಿಲೇ ಕೆಲಸ ಮಾಡ್ತಾ ಇದೆ. ನೀವು ಅಳೆದದ್ದು ಡಿಸ್ಕನ್ನಲ್ಲ, ರ್ಯಾಮನ್ನು. ಬರೆದದ್ದೆಲ್ಲ ಮೊದಲು ಪೇಜ್ ಕ್ಯಾಶ್‌ಗೆ, ಅಂದರೆ ಕರ್ನಲ್ ರ್ಯಾಮಿನಲ್ಲಿ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗಕ್ಕೆ, ಹೋಗುತ್ತದೆ. ಕರ್ನಲ್ ಅದನ್ನು ಆಮೇಲೆ ಹಿಂದಿನಿಂದ ಡಿಸ್ಕಿಗೆ ಇಳಿಸುತ್ತದೆ. ಡಿಡಿಗೆ ಓಫ್ಲ್ಯಾಗ್‌ನಲ್ಲಿ ಡೈರೆಕ್ಟ್ (ಕ್ಯಾಶ್ ಬಿಟ್ಟು ನೇರ ಡಿಸ್ಕಿಗೆ) ಅಂತ ಕೊಟ್ಟು, ಬ್ಲಾಕ್ ಗಾತ್ರ 4 ಕೆಬಿ ಇಟ್ಟು ಮತ್ತೆ ನೋಡಿ. ಒಂದೊಂದು ಬರಹವೂ 100 ಮಿಲಿಸೆಕೆಂಡ್ ಕಾಯಲೇಬೇಕು. ಸೆಕೆಂಡಿಗೆ ಹತ್ತು, ಅಂದರೆ 40 ಕೆಬಿ ಹತ್ತಿರ. ಓದುವ ಕಡೆ ಪರೀಕ್ಷೆ ಮಾಡುವಾಗಲೂ ಹಾಗೇ: ಪ್ರತಿ ಸಲ ಮೊದಲು ಕರ್ನಲ್‌ನ ಡ್ರಾಪ್‌ಕ್ಯಾಶಸ್ ಅನ್ನೋ ಫೈಲ್‌ಗೆ 3 ಬರೆದು ಕ್ಯಾಶ್ ಖಾಲಿ ಮಾಡಿ.

ಈಗ ಮುಖ್ಯ ವಿಷಯ. ಡಿಎಂ-ಡಿಲೇ ಕೊಡೋದು ಕಾಯುವ ಸಮಯ ಮಾತ್ರ, ವೇಗಕ್ಕೆ ಕಡಿವಾಣ ಹಾಕೋದಿಲ್ಲ. ಬಂದವರನ್ನೆಲ್ಲ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸುತ್ತದೆ, ಆದರೆ ಎಷ್ಟು ಜನ ಬೇಕಾದರೂ ಒಟ್ಟಿಗೆ ಒಳಗೆ ಹೋಗಬಹುದು. 10 ಮಿಲಿಸೆಕೆಂಡ್ ಡಿಲೇ ಇಟ್ಟು ಎಫ್‌ಐಒದಲ್ಲಿ (ಡಿಸ್ಕ್ ವೇಗ ಅಳೆಯುವ ಪ್ರೋಗ್ರಾಂ) ಐಒಡೆಪ್ತ್, ಅಂದರೆ ಒಟ್ಟಿಗೆ ಕಳಿಸುವ ಕೋರಿಕೆಗಳ ಸಂಖ್ಯೆ, 1 ಕೊಟ್ಟರೆ ಸೆಕೆಂಡಿಗೆ ಸುಮಾರು 100 ಐಒ (ಒಂದು ಓದು ಅಥವಾ ಬರಹ). 32 ಕೊಟ್ಟರೆ 3200ರ ಹತ್ತಿರ! ನಿಜವಾದ 7200 ಆರ್‌ಪಿಎಂ ಡಿಸ್ಕ್ ಹಾಗೆ ಏರೋದಿಲ್ಲ. ಅದರ ತಟ್ಟೆ ಒಂದು ಸುತ್ತು ಬರೋಕೇ 8.3 ಮಿಲಿಸೆಕೆಂಡ್ ಬೇಕು, ಓದಿ ಬರೆಯುವ ಹೆಡ್ ಒಂದು ಸಲಕ್ಕೆ ಇರೋದು ಒಂದೇ ಕಡೆ.

ಹಾಗಾಗಿ ವೇಗವನ್ನೂ ಕಟ್ಟಬೇಕು. ಸಿಗ್ರೂಪ್ ವಿ2ದಲ್ಲಿ (ಪ್ರೋಗ್ರಾಂಗಳನ್ನು ಗುಂಪು ಮಾಡಿ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಐಒ.ಮ್ಯಾಕ್ಸ್ ಅನ್ನೋ ಫೈಲ್ ಇದೆ: ಓದು, ಬರಹ ಎರಡಕ್ಕೂ ಬೇರೆ ಬೇರೆ ಬೈಟ್ ಮಿತಿ, ಐಒ ಮಿತಿ ಹಾಕಬಹುದು. ಮಿತಿ ಬೀಳೋದು ಆ ಗುಂಪಿನಲ್ಲಿರುವ ಪ್ರೋಗ್ರಾಂಗೆ ಮಾತ್ರ, ರೂಟ್ ಗುಂಪಿನಲ್ಲಿ ಈ ಫೈಲೇ ಇರೋದಿಲ್ಲ. ಕ್ಯಾಶ್ ಮೂಲಕ ಹೋಗುವ ಬರಹಕ್ಕೂ ಮಿತಿ ತಾಗಬೇಕಾದರೆ ಐಒ ಜೊತೆಗೆ ಮೆಮೊರಿ ಕಂಟ್ರೋಲರ್ ಕೂಡ ಆನ್ ಆಗಿರಬೇಕು. ಇದನ್ನು ಜಾಸ್ತಿ ಜನ ಮರೀತಾರೆ. ಇಡೀ ಪರೀಕ್ಷೆ ವರ್ಚುವಲ್ ಮಷೀನ್‌ನಲ್ಲಿದ್ದರೆ ಅದನ್ನು ಓಡಿಸುವ ಕ್ಯೂಎಮುನಲ್ಲೇ ಡ್ರೈವ್‌ಗೆ ಥ್ರಾಟಲ್ (ವೇಗದ ಮಿತಿ) ಹಾಕೋದು ಇನ್ನೂ ಸುಲಭ.

ನಿಮ್ಮ ತೊಂದರೆಯ ವಿವರ ಓದಿದರೆ ನನಗೆ ಅನುಮಾನ ಬರೋದು ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಸೇರುವ ತನಕ ಕಾಯುವ ಕರೆ) ಮೇಲೆ. ಇದಕ್ಕೆ ಡಿಎಂ-ಡಿಲೇಯಲ್ಲಿ ಒಳ್ಳೆ ಸೌಕರ್ಯ ಇದೆ, ಬಳಸುವವರು ಕಡಿಮೆ. 1 ಜಿಬಿಯ ಒಂದು ಫೈಲನ್ನು ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸೋದು) ಮಾಡಿಕೊಳ್ಳಿ, ಅದರ ಅಳತೆ 512 ಬೈಟ್‌ನ 2097152 ಸೆಕ್ಟರ್. ಡಿಎಂ-ಡಿಲೇ ಹೂಡುವ ಡಿಎಂಸೆಟಪ್ ಕಮಾಂಡ್‌ಗೆ ಕೊಡುವ ಟೇಬಲ್ ಸಾಲಿನ ಶುರು ಹೀಗೆ: 0, ಆಮೇಲೆ 2097152, ಆಮೇಲೆ ಡಿಲೇ ಎಂಬ ಹೆಸರು. ಅದರ ಮುಂದೆ ಡಿವೈಸ್, ಆಫ್‌ಸೆಟ್, ಮಿಲಿಸೆಕೆಂಡ್ ಎಂಬ ಮೂರರ ಗುಂಪು. ಒಂದೇ ಗುಂಪು ಬರೆದರೆ ಎಲ್ಲಕ್ಕೂ ಅದೇ ಡಿಲೇ. ಮೂರು ಗುಂಪು ಬರೆದರೆ ಮೊದಲನೆಯದು ಓದಿಗೆ, ಎರಡನೆಯದು ಬರಹಕ್ಕೆ, ಮೂರನೆಯದು ಫ್ಲಶ್‌ಗೆ (ಡಿಸ್ಕ್ ತನ್ನ ಕ್ಯಾಶಿನಲ್ಲಿರೋದನ್ನು ಖಾಯಂ ಮಾಡಲಿ ಅನ್ನೋ ಆಜ್ಞೆ, ಎಫ್‌ಸಿಂಕ್ ಕಳಿಸೋದು ಇದನ್ನೇ). ಓದಿಗೆ 0, ಬರಹಕ್ಕೆ 0, ಫ್ಲಶ್‌ಗೆ 300 ಇಡಿ. ನಿಮ್ಮ ಪ್ರೋಗ್ರಾಂ ಸಣ್ಣ ಸಣ್ಣ ಸೇವ್‌ಗೂ ಎಫ್‌ಸಿಂಕ್ ಕರೀತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು: ಶುರುವಿನಲ್ಲೇ ಡಿಲೇ ಇಟ್ಟರೆ ಫೈಲ್‌ಸಿಸ್ಟಮ್ ಮಾಡೋದು, ಮೌಂಟ್ ಮಾಡೋದು ಎಲ್ಲಾ ಬೇಜಾರು ಹಿಡಿಸುವಷ್ಟು ನಿಧಾನ. ಮೊದಲು ಎಲ್ಲಾ 0 ಇಟ್ಟು ಮೌಂಟ್ ಮಾಡಿ, ಆಮೇಲೆ ಡಿಎಂಸೆಟಪ್ ರಿಲೋಡ್, ರೆಸ್ಯೂಮ್ ಮಾಡಿ ಹೊಸ ಅಂಕಿ ಹಾಕಿ.

ಒಂದೆರಡು ಮಿಲಿಸೆಕೆಂಡ್‌ನ ಡಿಲೇಗೆ ಮಾತ್ರ ಇದನ್ನು ನಂಬಬೇಡಿ. ಹಳೇ ಕರ್ನಲ್‌ಗಳಲ್ಲಿ ಇದು ಜಿಫಿ (ಕರ್ನಲ್ ಗಡಿಯಾರದ ಒಂದು ಟಿಕ್) ಲೆಕ್ಕದ ಟೈಮರ್ ಮೇಲೆ ನಡೆಯುತ್ತದೆ. ಹರ್ಟ್ಜ್ 250 ಇದ್ದರೆ ಒಂದು ಜಿಫಿಗೇ 4 ಮಿಲಿಸೆಕೆಂಡ್. ಅಷ್ಟು ಸಣ್ಣ ಅಂಕಿ ಬೇಕಾದರೆ ನಲ್‌ಬ್ಲಾಕ್ ಅನ್ನೋ ಪರೀಕ್ಷೆಯ ಡಿಸ್ಕ್ ಡ್ರೈವರ್ ತಗೊಳ್ಳಿ: ಐಆರ್‌ಕ್ಯೂ ಮೋಡ್ 2 ಇಟ್ಟು ನ್ಯಾನೋಸೆಕೆಂಡ್‌ನಲ್ಲಿ ಸಮಯ ಕೊಡಬಹುದು. ಮೆಮೊರಿ ಬ್ಯಾಕ್ಡ್ ಅನ್ನೋದನ್ನು ಆನ್ ಮಾಡಿ, ಇಲ್ಲದಿದ್ದರೆ ಬರೆದದ್ದು ಎಲ್ಲೂ ಉಳಿಯೋದಿಲ್ಲ.

ಕೆಳಗೆ ಒಬ್ಬರು ಡಿಲೇಯನ್ನು 40 ಸೆಕೆಂಡ್ ಮಾಡಿ, ಸ್ಕಸಿ (ಡಿಸ್ಕಿಗೆ ಕಮಾಂಡ್ ಕಳಿಸುವ ಡ್ರೈವರ್ ಪದರ) ಟೈಮ್‌ಔಟ್ ಬರುತ್ತೆ ನೋಡಿ ಅಂದಿದ್ದಾರೆ. ಬರೋದಿಲ್ಲ. ಡಿಎಂ-ಡಿಲೇ ಕೂತಿರೋದು ಡ್ರೈವರ್‌ಗಿಂತ ಮೇಲೆ. ಆ 40 ಸೆಕೆಂಡ್ ಕಳೆದ ಮೇಲಷ್ಟೇ ಕಮಾಂಡ್ ಕೆಳಗಿಳಿಯುತ್ತದೆ, ಡ್ರೈವರ್‌ನ 30 ಸೆಕೆಂಡ್ ಗಡಿಯಾರ ಶುರುವಾಗೋದೇ ಆವಾಗ. ಟೈಮ್‌ಔಟ್ ದಾರಿ ಪರೀಕ್ಷೆ ಮಾಡಬೇಕಾದರೆ ಸುಳ್ಳು ಸ್ಕಸಿ ಡಿಸ್ಕ್ ಮಾಡಿಕೊಡುವ ಸ್ಕಸಿ-ಡೀಬಗ್ ಮಾಡ್ಯೂಲ್ ಬೇಕು. ಆಪ್ಟ್ಸ್ 4, ಎವ್ರಿ-ಎನ್‌ತ್ 100 ಅಂತ ಕೊಟ್ಟರೆ ನೂರಕ್ಕೊಂದು ಕಮಾಂಡ್‌ಗೆ ಅದು ಉತ್ತರವನ್ನೇ ಕೊಡೋದಿಲ್ಲ.

ಇದೆಲ್ಲ ವರ್ಚುವಲ್ ಮಷೀನ್ ಒಳಗೇ ಮಾಡಿ. ರೂಟ್ ಅಥವಾ ಸ್ವಾಪ್ ಇರೋ ಡಿಸ್ಕಿನ ಮೇಲೆ ಮಾತ್ರ ಬೇಡವೇ ಬೇಡ. ಮೊದಲು ಫ್ಲಶ್ ಪರೀಕ್ಷೆ ಮುಗಿಸಿ, ಹಾಗೇ ಎಸ್‌ಟ್ರೇಸ್‌ನಲ್ಲಿ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಕಮಾಂಡ್) ಎಫ್‌ಸಿಂಕ್ ಕರೆಗಳ ಸಮಯ ತೆಗೆದು ಇಲ್ಲಿ ಹಾಕಿ, ನೋಡೋಣ.