ಹುಟ್ಟುವ ಮೊದಲೇ ಕಟ್ಟಿದ ಲಿಂಗ

‘ನನ್ನ ಧರ್ಮವನ್ನು ನಾನು ಆರಿಸಿಕೊಂಡಿಲ್ಲ. ಮನೆಯವರು ಹೇರಿದ್ದು. ಇಷ್ಟ ಇಲ್ಲದಿದ್ದರೂ ಯಾಕೆ ಪಾಲಿಸಬೇಕು?’

ಈ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಸಲಹೆಗೆ ಬರುವ ಯುವಕ ಯುವತಿಯರು ಈಚೆಗೆ ಜಾಸ್ತಿ. ಉಪನಯನ ಬೇಡ ಅಂತ ಹಟ ಹಿಡಿದ ಹುಡುಗ, ಕನ್ಫರ್ಮೇಶನ್‌ಗೆ ಚರ್ಚಿಗೆ ಬರುವುದಿಲ್ಲ ಎಂದ ಕರಾವಳಿಯ ಕ್ಯಾಥೊಲಿಕ್ ಹುಡುಗಿ, ನಮಾಜ್ ಬಿಟ್ಟಿದ್ದನ್ನು ಮನೆಯಲ್ಲಿ ಬಾಯಿ ಬಿಡಲಾಗದ ವಿದ್ಯಾರ್ಥಿ. ಇದರ ತಿರುವುಮುರುವೂ ಉಂಟು. ದೇವರ ಕೋಣೆಯೇ ಇಲ್ಲದ ವೈಚಾರಿಕರ ಮನೆಯ ಹುಡುಗನೊಬ್ಬ ದಿನಾ ಮಠಕ್ಕೆ ಹೋಗತೊಡಗಿದ. ಅಪ್ಪ ಅವನ ಜೊತೆ ಮಾತು ಬಿಟ್ಟರು. ಧರ್ಮ ಬೇರೆ ಬೇರೆ, ಜಗಳ ಒಂದೇ.

ಇಂಥ ಪ್ರಕರಣಗಳಲ್ಲಿ ಒಂದನ್ನು ಕುಟುಂಬದವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಉತ್ತರ ಕರ್ನಾಟಕದ ಲಿಂಗಾಯತ ಕುಟುಂಬ. ಅಪ್ಪ ನಿವೃತ್ತ ಶಾಲಾ ಮೇಷ್ಟ್ರು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಹಾಸ್ಟೆಲ್ಲಿನಲ್ಲಿದ್ದಾಗಲೇ ಅವನು ಕೊರಳಿನ ಕರಡಿಗೆ, ಅಂದರೆ ಇಷ್ಟಲಿಂಗ ಇರುವ ಪುಟ್ಟ ಡಬ್ಬಿಯನ್ನು, ತೆಗೆದಿಟ್ಟಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಒಂದು ದೀಪಾವಳಿಗೆ ಊರಿಗೆ ಬಂದಾಗ, ಎಣ್ಣೆ ಹಚ್ಚಲು ಕೂರಿಸಿದ ತಾಯಿಗೆ ಅದು ಗೊತ್ತಾಯಿತು. ‘ಮನಿಯಾಗ ಭವಿ (ಲಿಂಗವಿಲ್ಲದವನು) ಹುಟ್ಟಿದ’ ಎಂದ ಅಪ್ಪ, ಆಮೇಲೆ ಮಗನ ಜೊತೆ ಕೂತು ಉಣ್ಣಲಿಲ್ಲ, ಫೋನಿನಲ್ಲೂ ಮಾತಾಡಲಿಲ್ಲ. ಅಷ್ಟರಲ್ಲಿ ಸೊಸೆ ಬಸುರಿ. ಈಗ ಐದು ತಿಂಗಳ ಹೆಣ್ಣು ಮಗು. ಕೂಸಿಗೆ ಲಿಂಗಧಾರಣೆ ಆಗಬೇಕು ಎಂದು ಅಜ್ಜ ಅಜ್ಜಿ. ಆಗಕೂಡದು, ಹದಿನೆಂಟಾದ ಮೇಲೆ ಅವಳೇ ತೀರ್ಮಾನ ಮಾಡಲಿ ಎಂದು ಮಗ.

ಮೊದಲ ಭೇಟಿಗಳಲ್ಲಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದೆ. ಹೊಸದೇನೂ ಹೊರಬರಲಿಲ್ಲ. ಅಪ್ಪ, ಮಗ, ಸೊಸೆ ಮೂವರನ್ನೂ ಒಟ್ಟಿಗೆ ಕೂರಿಸಿದ ದಿನ ಮಾತು ಬೇರೆ ದಾರಿ ಹಿಡಿಯಿತು.

ಮಗನೇ ಶುರು ಮಾಡಿದ. ‘ಅಪ್ಪಾ, ನಾ ಹುಟ್ಟೂಕಿಂತ ಮೊದ್ಲ ನನಗ ಲಿಂಗ ಕಟ್ಟೀರಿ. ಅವ್ವನ ಹೊಟ್ಟ್ಯಾಗಿದ್ದಾಂವನ್ನ ಕೇಳೂದು ಹೆಂಗ ಅಂತೀರಿ. ಖರೇನ. ಆದ್ರ ಹುಟ್ಟಿದ ಮ್ಯಾಲೂ ಒಂದಿನ ಕೇಳಲಿಲ್ಲ.’

ಅವನು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ. ಬಸುರಿಗೆ ಎಂಟನೇ ತಿಂಗಳಲ್ಲಿ, ಹೊಟ್ಟೆಯಲ್ಲಿರುವ ಮಗುವಿನ ಹೆಸರಿನಲ್ಲಿ ಲಿಂಗ ಕಟ್ಟಿಸುವ ಪದ್ಧತಿ ಲಿಂಗಾಯತರ ಹಲವು ಮನೆಗಳಲ್ಲಿದೆ. ಮಾತಾಡುವಾಗ ಅವನ ಬೆರಳುಗಳು ಎದೆಯ ಮೇಲೆ, ಕರಡಿಗೆ ಕಟ್ಟುವ ಶಿವದಾರ ಇರುತ್ತಿದ್ದ ಜಾಗದಲ್ಲಿ ಆಡುತ್ತಿದ್ದವು. ಬಿಟ್ಟು ವರ್ಷಗಳಾಗಿದ್ದರೂ ಕೈಗೆ ಮರೆತಿರಲಿಲ್ಲ.

‘ಬಸವಣ್ಣ ತಮ್ಮ ಅಪ್ಪನ ಮಾತು ಕೇಳಿದ್ರೇನು? ಜನಿವಾರ ಬ್ಯಾಡ ಅಂತ ಮನಿ ಬಿಟ್ಟು ಕೂಡಲಸಂಗಮಕ್ಕ ಹ್ವಾದ್ರು. ಅದನ್ನ ಸಾಲ್ಯಾಗ ನಮಗ ಹೇಳಿಕೊಟ್ಟಾವರು ನೀವ.’

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು. ‘ಬಸವಣ್ಣ ಒಂದು ಬಿಟ್ಟು ಇನ್ನೊಂದು ಹಿಡದ್ರು. ನೀ ಏನ ಹಿಡದಿ?’

ಮಗನ ಹತ್ತಿರ ಉತ್ತರ ಇರಲಿಲ್ಲ. ‘ಇನ್ನೂ ಗೊತ್ತಿಲ್ಲ’ ಅಂದ.

ಇಲ್ಲಿ ನಾನು ಬಾಯಿ ಹಾಕಿದೆ. ಬಿಟ್ಟವನು ಕೂಡಲೇ ಇನ್ನೊಂದನ್ನು ಹಿಡಿದಿರಬೇಕು ಅಂತ ಕೇಳುವುದು ನ್ಯಾಯವಲ್ಲ. ಅಂಬೇಡ್ಕರ್ ಅವರು ಹಿಂದೂವಾಗಿ ಸಾಯುವುದಿಲ್ಲ ಅಂತ ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ. ಅಷ್ಟು ಓದಿದವರಿಗೇ ಅಷ್ಟು ಕಾಲ ಬೇಕಾಯಿತು. ‘ಸರ್, ನಿಮ್ಮ ಮಗನಿಗೂ ಸ್ವಲ್ಪ ಟೈಮ್ ಕೊಡಿ’ ಅಂದೆ. ಮೇಷ್ಟ್ರು ತಲೆ ಆಡಿಸಿದರು. ಒಪ್ಪಿದರೋ, ಮರ್ಯಾದೆಗೆ ಆಡಿಸಿದರೋ ತಿಳಿಯಲಿಲ್ಲ.

ಆಮೇಲೆ ಅವರು ಅಂಗಿಯ ಒಳಗಿಂದ ತಮ್ಮ ಕರಡಿಗೆಯನ್ನು ತೆಗೆದು ಎಡಗೈಯಲ್ಲಿ ಹಿಡಿದರು. ಹಳೆಯ ಬೆಳ್ಳಿ, ಅಂಚೆಲ್ಲ ಸವೆದು ನುಣ್ಣಗಾಗಿತ್ತು. ‘ಮೇಡಂ, ನಮ್ಮಲ್ಲಿ ಸತ್ತಾರನ್ನ ಕೂಡಿಸಿ ಮಣ್ಣ ಮಾಡ್ತಾರ. ಎಡಗೈಯಾಗ ಲಿಂಗ ಇಡ್ತಾರ. ನಾಳೆ ನನ್ನ ಕೂಡಿಸಿದ ಹೊತ್ತಿನ್ಯಾಗ ಇವ ಎಲ್ಲಿ ನಿಂತಿರ್ತಾನ್ರೀ? ನೋಡಾಕ ಬಂದ ಮಂದಿ ಜೋಡಿ ಹಿಂದ ನಿಂತಿರ್ತಾನೇನು?’

ಇಷ್ಟು ದಿನ ಇದು ಆಚಾರದ ಜಗಳ ಅಂತಲೇ ಎಲ್ಲರೂ ಆಡುತ್ತಿದ್ದರು. ಆದರೆ ಮೇಷ್ಟ್ರ ಭಯ ಇದಾಗಿತ್ತು. ಮಗ ಲಿಂಗ ಬಿಟ್ಟ ಅಂದರೆ ತನ್ನನ್ನೇ ಬಿಟ್ಟ ಅಂತ ಅವರು ತಿಳಿದಿದ್ದರು.

‘ಹಿಂದ ಯಾಕ ನಿಲ್ಲಲಿ? ನಾನ ಇಡ್ತೀನಿ, ಅಪ್ಪಾ’ ಅಂದ ಮಗ. ‘ನಾ ನಂಬೂದು ಬ್ಯಾರೆ. ನೀವು ನಂಬಿದ್ದನ್ನ ನಿಮಗ ಮಾಡಲಾರದಷ್ಟು ಕೆಟ್ಟಾಂವ ಅಲ್ಲ ನಾ.’

ಅಪ್ಪ ಮಗ ಇಬ್ಬರೂ ಮೆತ್ತಗಾದರು. ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಇಷ್ಟು ಹೊತ್ತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಸೊಸೆ ತುಟಿ ಬಿಚ್ಚಿರಲಿಲ್ಲ. ಯಾರ ಕೂಸಿನ ಬಗ್ಗೆ ಮಾತು ನಡೆದಿತ್ತೋ ಆ ಕೂಸಿನ ತಾಯಿ ಅವಳು. ‘ನೀವು ಏನು ಹೇಳ್ತೀರಮ್ಮಾ?’ ಅಂದೆ.

‘ನನ್ನ ಕೊರಳಿಗೂ ಕೇಳಿ ಕಟ್ಟಲಿಲ್ರೀ. ತವರಾಗೂ ಕೇಳಲಿಲ್ಲ, ಇಲ್ಲೂ ಕೇಳಲಿಲ್ಲ. ಸಣ್ಣಾಕಿ ಇದ್ದಾಗ ಬ್ಯಾಸರ ಆಗ್ತಿತ್ತು. ಈಗ ಮುಂಜಾನೆ ಎದ್ದು ಲಿಂಗ ಅಂಗೈಯಾಗ ಇಟ್ಕೊಂಡು ಹತ್ತು ನಿಮಿಷ ಕೂಡ್ತೀನಿ. ಇಡೀ ದಿನದಾಗ ಆ ಹತ್ತು ನಿಮಿಷ ಅಷ್ಟ ನನ್ನವು. ಅವನ್ನ ಯಾರೂ ಕೊಟ್ಟಿಲ್ಲ, ನಾನ ಮಾಡ್ಕೊಂಡಿದ್ದು.’

ಸ್ವಲ್ಪ ತಡೆದು ಮಾವನ ಕಡೆ ತಿರುಗಿದಳು. ‘ಕೂಸಿಗೆ ಕಟ್ಟೂನ್ರಿ, ಮಾವಾರ. ನನಗೂ ಆಸೆ ಐತಿ. ಆದ್ರ ಒಂದು ಮಾತು ಕೊಡ್ರಿ. ನಾಳೆ ಅಕಿ ಬ್ಯಾಡ ಅಂದ್ರ, ಇವರಿಗೆ ಮಾಡಿದ್ಹಂಗ ಅಕಿಗೆ ಮಾಡಬ್ಯಾಡ್ರಿ. ಉಣ್ಣಾಕ ಜೋಡಿ ಕೂಡ್ರಿ.’

ನಾನು ವರ್ಷಗಳಿಂದ ಹೇಳಲು ಒದ್ದಾಡುತ್ತಿದ್ದ ವಿಷಯವನ್ನು ಈ ಹೆಣ್ಣುಮಗಳು ನಾಲ್ಕು ಮಾತಿನಲ್ಲಿ ಹೇಳಿದಳು. ಧರ್ಮ ಬರುವುದು ಮನೆಯಿಂದಲೇ. ತಾಯಿನುಡಿ ಬರುವ ಹಾಗೆ ಬರುತ್ತದೆ, ಯಾರೂ ಕೇಳಿ ಕೊಡುವುದಿಲ್ಲ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಾಗಾದರೆ ಆಯ್ಕೆ ಇದೆಯೋ ಇಲ್ಲವೋ ಅಂತ ನೋಡುವುದು ಎಲ್ಲಿ? ಬೇಡ ಅಂದವನು ಏನೇನು ಕಳೆದುಕೊಳ್ಳುತ್ತಾನೆ ಅನ್ನುವುದರಲ್ಲಿ. ಅಪ್ಪನ ಮಾತು, ಅವ್ವನ ಊಟ, ಊರಿನ ಮನೆಯ ಬಾಗಿಲು ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ, ಉಳಿದುಕೊಂಡವನದೂ ಆಯ್ಕೆ ಅಲ್ಲ. ಹೆದರಿಕೆಯಿಂದ ಮಾಡುವ ಪೂಜೆ ಅದು. ಹೋದರೂ ಮನೆ ನನ್ನದೇ ಅಂತ ಗೊತ್ತಿದ್ದೂ ಉಳಿದರೆ, ಆಗ ಆ ಧರ್ಮ ನಿಜವಾಗಿ ಅವನದು.

ನಾನು ಕೊಟ್ಟ ಸಲಹೆ ಹೀಗಿತ್ತು. ಲಿಂಗಧಾರಣೆ ಆಗಲಿ, ಯಾಕೆಂದರೆ ತಾಯಿಗೆ ಅದು ಬೇಕು, ಅವಳು ಅದನ್ನು ನಂಬಿ ನಡೆಸುತ್ತಿದ್ದಾಳೆ. ಮಗ ಅಡ್ಡ ಬರಬಾರದು, ಭಕ್ತಿಯ ನಾಟಕವನ್ನೂ ಮಾಡಬೇಕಾಗಿಲ್ಲ. ಮಗುವಿನ ಮುಂದೆ ಅವನು ಪೂಜೆಯನ್ನು ಹಂಗಿಸಬಾರದು, ಅಜ್ಜ ಅವನನ್ನು ಭವಿ ಅನ್ನಬಾರದು. ‘ಅಪ್ಪ ಯಾಕ ಮಾಡೂದಿಲ್ಲ?’ ಅಂತ ಮಗು ಕೇಳಿದ ದಿನ ಸುಳ್ಳು ಹೇಳುವುದು ಬೇಡ. ಅಪ್ಪನ ಕಾರಣವನ್ನು ಅಪ್ಪನೇ ಹೇಳಲಿ, ಅವ್ವನ ಕಾರಣವನ್ನು ಅವ್ವ ಹೇಳಲಿ. ಸೊಸೆ ಕೇಳಿದ ಮಾತನ್ನು ಮೇಷ್ಟ್ರು ಬಂಧುಬಳಗದ ಮುಂದೆ ಬಾಯಿ ಬಿಟ್ಟು ಹೇಳಬೇಕು. ಮನಸ್ಸಿನಲ್ಲಿದ್ದರೆ ಸಾಲದು, ಮಕ್ಕಳಿಗೆ ಮನಸ್ಸು ಕಾಣುವುದಿಲ್ಲ. ಮುಂದೆ ಮಗುವಿಗೆ ಎಂಟು ವರ್ಷವಾದಾಗ ಗುರುವಿನಿಂದ ದೀಕ್ಷೆ ಕೊಡಿಸೋಣ ಅಂತ ಮಾತು ಬಂದಾಗ, ಹುಡುಗಿಯೇ ಕೇಳುವವರೆಗೆ ಕಾಯಬೇಕು.

ಈ ಸಲಹೆಯನ್ನು ಒಬ್ಬ ಸಹೋದ್ಯೋಗಿ ಖಂಡಿಸಿದರು. ಮಗುವಿಗೆ ಏನನ್ನೂ ಕಟ್ಟದೆ ಬಿಡುವುದೇ ನಿಜವಾದ ಸ್ವಾತಂತ್ರ್ಯ, ನೀವು ಹಿರಿಯರ ಪರ ವಾಲಿದಿರಿ ಅಂದರು. ನಾನು ಒಪ್ಪುವುದಿಲ್ಲ. ಹದಿನೆಂಟರ ತನಕ ಮಗು ಖಾಲಿ ಕೂತಿರುತ್ತದೆಯೇ? ಹಬ್ಬ ಯಾವುದು, ಯಾರ ಮನೆಯಲ್ಲಿ ಉಣ್ಣುತ್ತೇವೆ, ಯಾರನ್ನು ಒಳಗೆ ಕರೆಯುವುದಿಲ್ಲ ಅನ್ನುವುದನ್ನೆಲ್ಲ ಅದು ನೋಡುತ್ತಲೇ ಬೆಳೆಯುತ್ತದೆ. ಕಾನೂನೂ ಖಾಲಿ ಬಿಡುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹೇಳಿಯೇ ಸೇರಿಸಿಕೊಂಡಿದೆ. ಈ ಹುಡುಗ ಕರಡಿಗೆ ತೆಗೆದಿಟ್ಟೇ ಮದುವೆಯಾದ, ಆದರೂ ಆ ಮದುವೆಗೆ ಅದೇ ಕಾಯ್ದೆ. ಇನ್ನು ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ, 1992ರಲ್ಲಿ ಭಾರತವೂ ಒಪ್ಪಿಕೊಂಡದ್ದು. ಅದರ 14ನೇ ವಿಧಿ ಮಗುವಿಗೆ ಆತ್ಮಸಾಕ್ಷಿಯ, ಧರ್ಮದ ಸ್ವಾತಂತ್ರ್ಯ ಇದೆ ಅನ್ನುತ್ತದೆ. ದಾರಿ ತೋರಿಸುವ ಹಕ್ಕು ತಂದೆ ತಾಯಿಗೆ ಇದೆ, ಆದರೆ ಮಗುವಿನ ತಿಳಿವಳಿಕೆ ಬೆಳೆದ ಹಾಗೆ ಅದಕ್ಕೆ ಹೊಂದಿಕೊಂಡು ಅನ್ನುತ್ತದೆ. ನಾನು ಹೇಳಿದ್ದೂ ಅಷ್ಟೇ. ಐದು ತಿಂಗಳಿಗೆ ತಾಯಿ ತೀರ್ಮಾನಿಸಲಿ, ಹತ್ತಕ್ಕೆ ಮಗಳ ಮಾತು ಕೇಳಲಿ, ಹದಿನೈದಕ್ಕೆ ಮಗಳ ಮಾತೇ ನಡೆಯಲಿ.

ಒಂದು ಮಾತು ಲಿಂಗಾಯತ ಓದುಗರಿಗೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಇವರಲ್ಲಿ ಒಬ್ಬರಾದರೂ ಹುಟ್ಟಿನ ಬಲದಿಂದ ಶರಣರಾದರೇ? ಹುಟ್ಟನ್ನು ದಾಟಿ, ಬೇಕು ಅಂತ ಬಂದವರು. ಬೇಕು ಅಂತ ಬರುವ ದಾರಿ ಇದ್ದ ಕಡೆ ಬೇಡ ಅನ್ನುವ ದಾರಿಯೂ ಇರಬೇಕಲ್ವಾ? ಬೇಡ ಅಂದ ಮಗನಿಗೆ ಅನ್ನ ನೀರು ಬೇರೆ ಮಾಡಿ, ಆಮೇಲೆ ಕಲ್ಯಾಣದ ಹೆಮ್ಮೆ ಹೇಳಿಕೊಳ್ಳುವುದು ಸರಿ ಬರುವುದಿಲ್ಲ. ಉಳಿದ ಧರ್ಮದವರಿಗೂ ಇದೇ ಮಾತು, ಅವರವರ ಹಿರಿಯರ ಹೆಸರು ಹಾಕಿಕೊಂಡು ಓದಬಹುದು.

ಊರಿನ ಮನೆಯಲ್ಲೇ ಲಿಂಗಧಾರಣೆ ಆಯಿತು. ಅಯ್ಯನವರು ಕಟ್ಟುವಾಗ ಮಗ ಪಕ್ಕದಲ್ಲಿ ಕೂತಿದ್ದ, ಹಣೆಗೆ ವಿಭೂತಿ ಹಚ್ಚಿಕೊಳ್ಳಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಮೇಷ್ಟ್ರು ಸೊಸೆಗೆ ಕೊಟ್ಟ ಮಾತನ್ನು ನಾಲ್ಕು ಜನರ ಎದುರಿಗೆ ಹೇಳಿದರಂತೆ. ಆ ದಿನ ಮಗನ ಪಕ್ಕ ಕೂತೇ ಉಂಡರು. ಮಗನ ತಾಯಿ ಮಾತ್ರ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ, ಅವರನ್ನು ಪ್ರತ್ಯೇಕವಾಗಿ ಕರೆಸಿ ಮಾತಾಡಬೇಕು.

ನನ್ನ ಸಲಹೆಯಲ್ಲಿ ಒಂದನ್ನು ಮಾತ್ರ ಮೇಷ್ಟ್ರು ಒಪ್ಪಿಲ್ಲ. ದೀಕ್ಷೆಗೆ ಮೊಮ್ಮಗಳು ಕೇಳುವ ತನಕ ಕಾಯುವ ವಿಚಾರ ಬಂದಾಗಲೆಲ್ಲ ‘ಆಗ ನೋಡೂಣು’ ಅನ್ನುತ್ತಾರೆ. ಅದಕ್ಕಿನ್ನೂ ಏಳೆಂಟು ವರ್ಷ ಇದೆ. ಆ ಹೊತ್ತಿಗೆ ಹುಡುಗಿಯನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.