ಅಪ್ಪನಿಗೆ ಸ್ಟೆಂಟ್ ಹಾಕಿ ತಿಂಗಳಾಗಿದೆ. ಮನೆಯ ಮುಂದೆ ನಡೆದರೆ ಸಾಲದೇ, ಪುನಶ್ಚೇತನ ಕೇಂದ್ರಕ್ಕೆ ಹೋಗಲೇಬೇಕೇ?

ನಿಮ್ಮ ತಂದೆಗೆ ಐವತ್ತೆಂಟು ವರ್ಷ, ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿದ್ದಾರೆ, ತಾಯಿ ಮೆಟ್ಟಿಲು ಹತ್ತಲೂ ಬಿಡುತ್ತಿಲ್ಲ, ಆಸ್ಪತ್ರೆಯವರು ಕಾರ್ಡಿಯಾಕ್ ರಿಹ್ಯಾಬಿಲಿಟೇಷನ್‌ಗೆ, ಅಂದರೆ ಹೃದಯದ ಪುನಶ್ಚೇತನಕ್ಕೆ ಬನ್ನಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಕಳುಹಿಸಿ. ನಾನು ಹೃದ್ರೋಗಿಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಹೃದಯ ಚೇತರಿಸಿಕೊಂಡಿದ್ದರೂ ಮನೆಯವರ ಅತಿಯಾದ ಕಾಳಜಿಯಿಂದ ಕಾಲಿನ ಕಸುವು ಕಳೆದುಕೊಂಡು ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಾಯಿಯನ್ನು ದೂರಬೇಡಿ. ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಒಂದು ಕಾಲದಲ್ಲಿ ವೈದ್ಯರದ್ದೇ ಆಗಿತ್ತು. ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಬೋಸ್ಟನ್‌ನ ಹೃದ್ರೋಗ ತಜ್ಞರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದನ್ನು ಪ್ರಕಟಿಸಿದಾಗ ಅದೇ ದೊಡ್ಡ ಧೈರ್ಯವಾಗಿತ್ತು. ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮನಸ್ಸೂ ಕುಗ್ಗುತ್ತದೆ.

ಮನೆಯ ಮುಂದಿನ ನಡಿಗೆ ಒಳ್ಳೆಯದೇ. ಆದರೆ ಎಷ್ಟು ದೂರ, ಯಾವ ವೇಗ, ಎಲ್ಲಿ ನಿಲ್ಲಬೇಕು? ಅದು ತಿಳಿಯದೆ ಕೆಲವರು ಗೇಟಿನವರೆಗೆ ಹೋಗಿ ಹೆದರಿ ಮರಳುತ್ತಾರೆ, ಕೆಲವರು ಹುರುಪಿನಿಂದ ಮೈಮೀರಿ ನಡೆಯುತ್ತಾರೆ. ನಮ್ಮಲ್ಲಿ ಮೊದಲ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಇರುತ್ತದೆ. ಮೂವತ್ತು ಮೀಟರ್ ಹಜಾರದ ಎರಡು ತುದಿಗೂ ಗುರುತಿಟ್ಟಿರುತ್ತೇವೆ. ಅವುಗಳ ನಡುವೆ ತಮ್ಮದೇ ವೇಗದಲ್ಲಿ ಹೋಗಿ ಬರಬೇಕು. ಸುಸ್ತಾದರೆ ನಿಂತು ಸುಧಾರಿಸಿಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ದೂರ, ನಾಡಿ, ರಕ್ತದೊತ್ತಡ ಬರೆದುಕೊಂಡು, ಎಷ್ಟು ಶ್ರಮವೆನಿಸಿತು ಎಂದು ಕೇಳುತ್ತೇವೆ. ಅದಕ್ಕೆ 6ರಿಂದ 20ರವರೆಗಿನ ಬೋರ್ಗ್ ಮಾಪಕವಿದೆ: 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಆಗುವುದೇ ಇಲ್ಲ. ಆರಂಭದಲ್ಲಿ ಹೆಚ್ಚಿನವರನ್ನು 11ರಿಂದ 13ರ ಆಸುಪಾಸಿನಲ್ಲಿ ಇರಿಸುತ್ತೇವೆ: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಕೈಗಡಿಯಾರ ತೋರಿಸುವ ನಾಡಿಬಡಿತವನ್ನೇ ನೆಚ್ಚಬೇಡಿ. ಹೃದಯಬಡಿತವನ್ನು ನಿಧಾನಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶ್ರಮ ಹೆಚ್ಚಾದರೂ ನಾಡಿ ಅಷ್ಟಾಗಿ ಏರುವುದಿಲ್ಲ.

ವೇಗವಾಗಿ ನಡೆದು ಥಟ್ಟನೆ ನಿಲ್ಲಬಾರದು. ಕಾಲಿನಲ್ಲಿ ರಕ್ತ ತಂಗಿ ತಲೆ ಸುತ್ತಬಹುದು, ಹಾಗಾಗಿ ಕೊನೆಯ ಐದು ನಿಮಿಷ ನಿಧಾನಿಸಬೇಕು. ತುಂಬಿದ ಕೊಡ ಎತ್ತುವಾಗ ನಾವೆಲ್ಲ ನಮಗರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಆ ಕ್ಷಣ ರಕ್ತದೊತ್ತಡ ಜಿಗಿಯುತ್ತದೆ. ಉಸಿರು ಬಿಡುತ್ತಾ ಎತ್ತುವುದನ್ನು ಸಣ್ಣ ತೂಕದಿಂದ ಕಲಿಸುತ್ತೇವೆ. ಮನೆಗೆಲಸಕ್ಕೆ ಮರಳುವ ಧೈರ್ಯ ಹೆಚ್ಚಿನವರಿಗೆ ಬರುವುದು ಇಲ್ಲಿಂದಲೇ. ಮಾತ್ರೆ, ಊಟ, ಬೀಡಿ ಸಿಗರೇಟು ಬಿಡುವುದು, ನಿದ್ದೆ ಬಾರದ ರಾತ್ರಿಗಳು, ಇವೆಲ್ಲದರ ಬಗ್ಗೆಯೂ ಕೇಂದ್ರದಲ್ಲಿ ಮಾತನಾಡುತ್ತೇವೆ. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸುವಂತಿಲ್ಲ.

ಕೇಂದ್ರ ದೂರವಾದರೆ ಏನು ಎಂದೂ ಕೇಳಿದ್ದೀರಿ. ಮೊದಲ ಪರೀಕ್ಷೆಯನ್ನಾದರೂ ಅಲ್ಲಿ ಮಾಡಿಸಿ, ಮನೆಯಲ್ಲಿ ಮಾಡುವ ಕ್ರಮವನ್ನು ಬರೆಸಿಕೊಂಡು ಬನ್ನಿ. ಯೋಗಾಸನದ ಆಸಕ್ತಿಯಿದ್ದರೆ ಅದಕ್ಕೂ ಆಧಾರವಿದೆ. ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು ನಾಲ್ಕು ಸಾವಿರ ಜನರ ಮೇಲೆ ನಡೆದ ಯೋಗ-ಕೇರ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸಾವು ಅಥವಾ ಮರು ಆಘಾತ ಕಡಿಮೆಯಾಯಿತೆಂದು ಅದು ಸಾಬೀತು ಮಾಡಲಿಲ್ಲ, ಆದರೆ ಯೋಗ ಕಲಿತವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು.

ನಡೆಯುವಾಗ ಎದೆಯಲ್ಲಿ ಒತ್ತಡ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂರಿಸಿ. ವೈದ್ಯರು ನಾಲಿಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರೆ ಅವರು ಹೇಳಿದಂತೆ ಕೊಟ್ಟು 108ಕ್ಕೆ ಕರೆ ಮಾಡಿ.

ಮೊದಲ ದಿನ ಡಿಸ್ಚಾರ್ಜ್ ಸಾರಾಂಶ, ಎಕೋ ವರದಿ, ಎಲ್ಲ ಮಾತ್ರೆಗಳ ಜೊತೆಗೆ ತಾಯಿಯನ್ನೂ ಕರೆದುಕೊಂಡು ಬನ್ನಿ. ಮೆಟ್ಟಿಲು ಹತ್ತಬೇಡಿ ಎನ್ನುತ್ತಿರುವವರು ಅವರು. ಗಂಡ ಹಜಾರದಲ್ಲಿ ನಡೆಯುವುದನ್ನು ಅವರೂ ಪಕ್ಕದಲ್ಲಿ ನಿಂತು ನೋಡಲಿ, ಮನಸ್ಸಿನಲ್ಲಿರುವ ಭಯವನ್ನೆಲ್ಲ ನಮ್ಮನ್ನೇ ಕೇಳಲಿ.