ಆ ಜಗಲಿ ಹತ್ತಿದ್ದೀರಾ, ಡಾಕ್ಟರೇ?

ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿರುವ ಯುವ ವೈದ್ಯೆಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: "ನಾಟಿ ವೈದ್ಯರನ್ನು ಹೊಗಳುವ ಲೇಖನ ಹಾಕುತ್ತೀರಿ. ಕಳೆದ ಮಳೆಗಾಲದಲ್ಲಿ ಕೊಳಕು ಮಂಡಲ ಹಾವು ಕಡಿದ ಕೂಲಿಯಾಳೊಬ್ಬ ಐದು ಗಂಟೆ ತಡವಾಗಿ ನನ್ನ ಹತ್ತಿರ ಬಂದ. ಕಾಲಿಗೆ ಹಗ್ಗ ಬಿಗಿದಿತ್ತು, ಗಾಯಕ್ಕೆ ಸೊಪ್ಪು ಮೆತ್ತಿತ್ತು. ರಕ್ತವನ್ನು ಗಾಜಿನ ಕೊಳವೆಯಲ್ಲಿಟ್ಟು 20 ನಿಮಿಷ ಕಾದೆ, ಹೆಪ್ಪುಗಟ್ಟಲಿಲ್ಲ; ವಿಷ ರಕ್ತಕ್ಕೇರಿತ್ತು. ಈಗ ಆತ ಡಯಾಲಿಸಿಸ್‌ನಲ್ಲಿದ್ದಾನೆ. ಇದಕ್ಕೆ ನಿಮ್ಮ ಉತ್ತರ ಏನು?"

ಪ್ರಿಯ ಡಾಕ್ಟರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಲ್ಲಿ ಬರೆದಿದ್ದೀರಿ, ಆ ಸಿಟ್ಟು ರೋಗಿಯ ಮೇಲಿನ ಪ್ರೀತಿಯಿಂದ ಬಂದದ್ದು. ಅದಕ್ಕೆ ಮೊದಲು ನಮಸ್ಕಾರ.

ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ವಿಷದ ಹಾವು ಕಡಿದರೆ ಇರುವ ಮದ್ದು ಒಂದೇ, ಆಸ್ಪತ್ರೆಯ ಆ್ಯಂಟಿವೆನಮ್. ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಸೇರಿಸಿ ಮಾಡಿದ್ದು ಅದು. ಸೊಪ್ಪು ಅರೆದು ಹಚ್ಚಿದರೆ ವಿಷ ಇಳಿಯುವುದಿಲ್ಲ, ಮಂತ್ರಕ್ಕೂ ಇಳಿಯುವುದಿಲ್ಲ. ಹಗ್ಗ ಬಿಗಿದರೆ ಕಾಲೇ ಹೋದೀತು. ಇದರಲ್ಲಿ ಎರಡು ಮಾತಿಲ್ಲ.

ಈಗ ನನ್ನ ಪ್ರಶ್ನೆ. ಆ ಐದು ಗಂಟೆ ಆತ ಮಲಗಿದ್ದು ಯಾರ ಜಗಲಿಯಲ್ಲಿ? ಈ ಎರಡು ವರ್ಷದಲ್ಲಿ ಒಂದು ಸಲವಾದರೂ ನೀವು ಆ ಜಗಲಿ ಹತ್ತಿದ್ದೀರಾ?

ಯಾಕೆ ಕೇಳುತ್ತೇನೆ ಅಂದರೆ, ನನಗೆ ಹತ್ತು ವರ್ಷವಿದ್ದಾಗ ನೇರಳೆ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡೆ. ಅಪ್ಪ ನನ್ನನ್ನು ಹೊತ್ತುಕೊಂಡು ಹೋದದ್ದು ಪಕ್ಕದೂರಿನ ಮೂಳೆ ಕಟ್ಟುವ ಅಜ್ಜನ ಮನೆಗೆ. ಅಜ್ಜ ಕೈ ಮುಟ್ಟುವ ಮೊದಲು ನನ್ನ ಉಗುರು ಒತ್ತಿ ನೋಡಿದ. ಬಿಟ್ಟ. ಮತ್ತೆ ಒತ್ತಿದ. "ಬೆರಳು ತಣ್ಣಗಿದೆ, ರಕ್ತ ಇಳೀತಾ ಇಲ್ಲ. ಇದು ನನ್ನ ಕೈಯಲ್ಲಿ ಆಗೋದಲ್ಲ. ಈಗಲೇ ಪೇಟೆ ಆಸ್ಪತ್ರೆಗೆ ಹೊರಡಿ" ಅಂದ. ಬಸ್ಸಿನಲ್ಲಿ ಕೈ ಅಲುಗಾಡಬಾರದು ಅಂತ ಅಡಿಕೆ ಹಾಳೆಯ ಮೇಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿದ. ದುಡ್ಡು ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮಾಡಿದ ಕೆಲಸ ಆ ಹಾಳೆಯನ್ನು ಕಿತ್ತೆಸೆದದ್ದು. "ಈ ಕಸವನ್ನೆಲ್ಲ ಕಟ್ಟಿಸ್ಕೊಂಡು ಬರ್ತೀರಲ್ಲ" ಎಂದು ಅಪ್ಪನಿಗೆ ಎಲ್ಲರೆದುರು ಬೈದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಆಪರೇಷನ್ ಚೆನ್ನಾಗೇ ಆಯಿತು, ಈ ಉತ್ತರ ಬರೆಯುತ್ತಿರುವುದು ಅದೇ ಕೈಯಲ್ಲಿ. ಆದರೆ ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ಆ ಡಾಕ್ಟರು ಕೇಳಲೇ ಇಲ್ಲ. ಉಗುರು ಒತ್ತಿ ರಕ್ತ ಮರಳುವುದನ್ನು ನೋಡುವುದು ನಿಮ್ಮ ಪಾಠದಲ್ಲೂ ಇದೆ ಎಂದು ಎಷ್ಟೋ ವರ್ಷದ ಮೇಲೆ ವೈದ್ಯ ಗೆಳೆಯನೊಬ್ಬ ಹೇಳಿದ. ಅಜ್ಜನಿಗೆ ಅದನ್ನು ಹೇಳೋಣವೆಂದರೆ ಅಜ್ಜ ಇರಲಿಲ್ಲ.

ಎಲ್ಲ ನಾಟಿ ವೈದ್ಯರೂ ಆ ಅಜ್ಜನ ಹಾಗಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ತನ್ನ ಕೈ ಮೀರಿದ್ದನ್ನು ಗುರುತಿಸಬಲ್ಲವರು ಅವರಲ್ಲಿ ಇದ್ದಾರೆ. ಕಳಿಸಿದ್ದಕ್ಕೆ ಬೈಗುಳ ಸಿಕ್ಕರೆ ಮುಂದಿನ ಸಲ ಅವರು ಯಾಕೆ ಕಳಿಸುತ್ತಾರೆ ಹೇಳಿ?

ನಾನು ಹೊಸದೇನೂ ಹೇಳುತ್ತಿಲ್ಲ. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ಜಗತ್ತಿನ ದೇಶಗಳು ಕೂತು ಪ್ರಾಥಮಿಕ ಆರೋಗ್ಯದ ಘೋಷಣೆ ಮಾಡಿದವು. ಡಾಕ್ಟರು, ನರ್ಸುಗಳ ಜೊತೆ ಪಾರಂಪರಿಕ ವೈದ್ಯರನ್ನೂ ಬೇಕಾದಲ್ಲಿ ತರಬೇತಿ ಕೊಟ್ಟು ಸೇರಿಸಿಕೊಳ್ಳಬೇಕು ಎಂದು ಅದರಲ್ಲೇ ಇದೆ. ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಬರಲಿ ಎಂದು ಆಸ್ಪತ್ರೆಯಲ್ಲಿ ಕಾಯುತ್ತಾ ಕೂರಲಿಲ್ಲ, ಅವರ ಹಾಡಿಗಳಾದ ಪೋಡುಗಳಿಗೆ ತಾವೇ ನಡೆದು ಹೋದರು. ಸೋಲಿಗರ ಗಿಡಮೂಲಿಕೆಯ ತಿಳಿವಳಿಕೆಯನ್ನು ಗೌರವದಿಂದ ಕಂಡರು. ಅವರೂ ನಿಮ್ಮ ಹಾಗೇ ಎಂಬಿಬಿಎಸ್ ಓದಿದವರು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಶಾಲೆ ಮೆಟ್ಟಿಲು ಹತ್ತಿದವರಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದಕ್ಕೂ ಕಾಸು ತೆಗೆದುಕೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಅದೇ ಸರಿ. ಆದರೆ ನೋವು ತಿನ್ನುವ ಹುಡುಗಿಯ ಸೊಂಟ ನೀವಲು, "ಇನ್ನೇನು ಆಯ್ತು ಮಗಾ" ಅನ್ನಲು ಅಂಥ ಒಬ್ಬಾಕೆ ಹೆರಿಗೆ ಕೋಣೆಯಲ್ಲಿ ಇದ್ದರೆ ಏನು ತೊಂದರೆ? ನಾವು ಸೂಲಗಿತ್ತಿಯರಿಗೆ ಪ್ರಶಸ್ತಿ ಕೊಟ್ಟೆವು, ಬಾಗಿಲಿನಿಂದ ಒಳಗೆ ಬಿಡಲಿಲ್ಲ.

ಈಗ ನಿಮ್ಮ ಹಾವಿನ ವಿಷಯಕ್ಕೇ ಬರೋಣ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆದೇಶಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಗೆ ಬಾರದೆಯೇ ಸತ್ತವರನ್ನು ಲೆಕ್ಕಕ್ಕೆ ಸೇರಿಸುವವರು ಯಾರು? ಅವರ ವಿಷಯ ಗೊತ್ತಿರುವುದು ಆ ಜಗಲಿಯ ಮನುಷ್ಯನಿಗೆ. ಮಂಗನ ಕಾಯಿಲೆಯೂ ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು ಇನ್ನೂ ಮಲೆನಾಡನ್ನು ಬಿಟ್ಟಿಲ್ಲ. ಮಂಗ ಸತ್ತು ಬಿದ್ದರೆ ಅದು ಕಾಯಿಲೆ ಬಂದಿರಬಹುದೆಂಬ ಸುಳಿವು. ಕಾಡಿನಲ್ಲಿ ಅದು ಬೇಗ ಕಾಣುವುದು ಯಾರಿಗೆ? ಬೇರು, ತೊಗಟೆ ಹುಡುಕಿಕೊಂಡು ಒಳಗೆ ಹೋಗುವವನಿಗೆ. ಆದರೆ ಆತನ ಹತ್ತಿರ ನಿಮ್ಮ ಫೋನ್ ನಂಬರ್ ಇಲ್ಲ.

ಇದರಲ್ಲಿ ನಿಮ್ಮೊಬ್ಬರ ತಪ್ಪಿಲ್ಲ. ನಿಮಗೆ ಕಲಿಸಿದವರ ಮೇಲೆ ನನಗೆ ಜಾಸ್ತಿ ಬೇಸರ. ಐದೂವರೆ ವರ್ಷ ಓದಿಸುತ್ತಾರೆ. "ಹೊಟ್ಟೆ ತೊಳಸ್ತದೆ", "ಚಳುಕು ಹಿಡಿದಿದೆ", "ಕೈ ಜೋಮು", "ಸರ್ಪಸುತ್ತು" ಎಂದು ಅಜ್ಜಿಯೊಬ್ಬಳು ಹೇಳಿದರೆ ಏನು ಅರ್ಥ ಎಂದು ಕೂತು ಕಲಿಸುವ ಒಂದು ಗಂಟೆ ಅದರಲ್ಲಿದೆಯಾ? ಹಳ್ಳಿಯ ಸೇವೆಯನ್ನು ಶಿಕ್ಷೆ ಎನ್ನುವ ಹಾಗೆ ಮಾತಾಡುತ್ತಾರೆ. ಹಳ್ಳಿಯವರ ಮಾತು, ಮದ್ದು ಎರಡೂ ಅವರಿಗೆ ಕೀಳು. ಅದೇ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನವರು ರಿಸರ್ಪಿನ್ ತೆಗೆದಾಗ ಅದು ರಕ್ತದೊತ್ತಡದ ಔಷಧವಾಯಿತು, ಪರೀಕ್ಷೆಗೆ ಬರುವ ಪ್ರಶ್ನೆಯಾಯಿತು. ಆ ಬೇರನ್ನು ತಲೆಮಾರುಗಳಿಂದ ಅರೆದು ಕೊಟ್ಟವನಿಗೆ ಮಾತ್ರ ಈಗಲೂ ಆಸ್ಪತ್ರೆಯ ಬೆಂಚಿನಲ್ಲಿ ಜಾಗ ಇಲ್ಲ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮಳೆ ಹಿಡಿಯುವ ಮೊದಲು ನಿಮ್ಮ ಸುತ್ತಿನ ನಾಟಿ ವೈದ್ಯರನ್ನೆಲ್ಲ ಒಂದು ಮಧ್ಯಾಹ್ನ ಕರೆಯಿರಿ. ಆಶಾ ಕಾರ್ಯಕರ್ತೆಗೆ ಅವರೆಲ್ಲರ ಮನೆ ಗೊತ್ತಿರುತ್ತದೆ. ಚಹಾ ಕೊಡಿ. ಆ ಗಾಜಿನ ಕೊಳವೆಯ ರಕ್ತವನ್ನು ಅವರ ಕಣ್ಣೆದುರೇ ತೋರಿಸಿ. ಹಗ್ಗ ಬೇಡ, ಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ ಎಂದು ಹೇಳಿಕೊಡಿ. ಅವರು ಕಳಿಸಿದ ರೋಗಿ ಗುಣವಾದಾಗ ನೀವೇ ಫೋನ್ ಮಾಡಿ "ನೀವು ಬೇಗ ಕಳಿಸಿದ್ದಕ್ಕೆ ಉಳಿದ" ಅನ್ನಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಹಾವಿನ ಹೆಸರಿದೆ, ಎಷ್ಟು ನಿಮಿಷ ಕಾದಿರಿ ಎಂದಿದೆ. ಸೊಪ್ಪು ಮೆತ್ತಿದವನು ಯಾರು, ಯಾವ ಊರಿನವನು, ರೋಗಿಯನ್ನು ಕೊನೆಗೆ ನಿಮ್ಮ ಹತ್ತಿರ ಕಳಿಸಿದ್ದು ಅವನೇನಾ ಎಂಬುದು ಮಾತ್ರ ಇಲ್ಲ. ಹೋಗಿ ಕೇಳಿಕೊಂಡು ಬನ್ನಿ. ಆತ ಏನು ಹೇಳಿದ ಎಂದು ಬರೆಯಿರಿ. ನಿಮ್ಮ ಎರಡನೇ ಪತ್ರಕ್ಕೆ ಪೂರ್ತಿ ಪುಟ ಕೊಡುತ್ತೇನೆ.

ಸಂಪಾದಕ